ಅತ್ತೆಯ ವೀಡಿಯೊಗೆ ಹಲಸಿನ ಹಣ್ಣು

ನಮ್ಮ ಸೋದರಮಾವನಿಗೆ ಮದುವೆಯಾಗಿದೆ ಅನ್ನೋದಕ್ಕೆ ಸಾಕ್ಷಿ ಅಂತ ಇರೋದು ನಮ್ಮ ಅತ್ತೆ ಒಬ್ಬರೇ! ತಮಾಷೆಯಲ್ಲ. ಮೂಡಿಗೆರೆ ಸುತ್ತಮುತ್ತ ಸಿಕ್ಕಸಿಕ್ಕವರ ಮದುವೆಗೆಲ್ಲ ವೀಡಿಯೊ ಮಾಡಿದ ಈ ಮಹಾನುಭಾವರು ತಮ್ಮ ಮದುವೆಯ ಕ್ಯಾಸೆಟ್ಟನ್ನೇ ಕಳೆದವರು. ಕಳೆದರು ಅಂದರೆ ಮರ್ಯಾದೆ ಕೊಟ್ಟ ಹಾಗಾಯ್ತು. ಹೊಸ ಮದುಮಗ ಕೆಲಸಕ್ಕೆ ಹೋದ ಮೊದಲ ಮದುವೆಯಲ್ಲೇ ಖಾಲಿ ಕ್ಯಾಸೆಟ್ ಮುಗೀತು. ಬ್ಯಾಗಿನಲ್ಲಿ ಕೈಗೆ ಸಿಕ್ಕಿದ್ದನ್ನ ತುರುಕಿದರು, ಶೂಟ್ ಮಾಡಿದರು. ಮನೆಗೆ ಬಂದು ಹಾಕಿ ನೋಡಿದರೆ, ಅತ್ತೆಯ ಧಾರೆ ಇರಬೇಕಾದ ಜಾಗದಲ್ಲಿ ಯಾರದೋ ಮದುವೆಯ ಬೀಗರು ಹೋಳಿಗೆ ತಿನ್ತಾ ಕೂತಿದ್ದಾರೆ!

ಅತ್ತೆ ಕೂಗಾಡಲಿಲ್ಲ. "ಇನ್ನು ನಿಮ್ಮ ಕ್ಯಾಮೆರಾ ಮುಂದೆ ನಾನು ಬರಲ್ಲ" ಅಂದರು. ಬರಲೇ ಇಲ್ಲ! ಮಗಳ ನಾಮಕರಣದ ವೀಡಿಯೊದಲ್ಲಿ ಮಗುವನ್ನ ಎತ್ತಿಕೊಂಡ ಎರಡು ಕೈ ಮಾತ್ರ ಇವೆ. ಅದೊಂದೇ ಮಾವನ ಎದೆಯ ಮುಳ್ಳು.

ಹೀಗಿರುವಾಗ ಒಂದು ದಿನ ಮಾವ ಫೋನ್ ಹಿಡ್ಕೊಂಡು ನಮ್ಮನೆಗೆ ಓಡಿಬಂದರು. ಅವರ ಜತೆ ಚಿಕ್ಕಮಗಳೂರಿನ ಸ್ಟುಡಿಯೊದಲ್ಲಿ ಕೆಲಸ ಕಲಿತ ಗೆಳೆಯರೊಬ್ಬರು ಕಳಸದಲ್ಲಿದ್ದಾರೆ. ಅವರು ಹೋದ ಮಳೆಗಾಲದಲ್ಲಿ ಮಾಡಿದ ತಮ್ಮ ತಾಯಿಯದೊಂದು ಪುಟ್ಟ ವೀಡಿಯೊ ಕಳಿಸಿದ್ದರು. ಆಯಮ್ಮ ಹಲಸಿನ ಹಣ್ಣು ಬಿಡಿಸುತ್ತಾ, ಗಂಡನನ್ನ ಮೊದಲು ನೋಡಿದ ದಿನದ ಕತೆ ಹೇಳ್ತಾರೆ. ಅಷ್ಟೇ. ಹಾಡಿಲ್ಲ, ಮಾವ ಮದುವೆ ವೀಡಿಯೊಗಳಿಗೆಲ್ಲ ಪ್ರೀತಿಯಿಂದ ಹಾಕೋ ಹಾರುವ ಗುಲಾಬಿಗಳಿಲ್ಲ. ಆದರೂ ಕಣ್ಣು ಕೀಳೋಕಾಗಲ್ಲ!

"ವೀಡಿಯೊ ಅಂದ್ರೆ ಇದು ಮಾರಾಯ! ನಾನೂ ಮಾಡ್ತೀನಿ, ನಿಮ್ಮತ್ತೇದು!"

"ಅತ್ತೆ ಒಪ್ಪಬೇಕಲ್ಲ ಮಾವ?"

"ಅದು ಆಮೇಲೆ. ಮೊದ್ಲು ಹಲಸಿನ ಹಣ್ಣು ಹುಡುಕ್ಬೇಕು!"

ಕಾಫಿ ಕೊಯ್ಲಿನ ಕಾಲದಲ್ಲಿ ಹಲಸಿನ ಹಣ್ಣು! ಸ್ಕೂಟರಿನ ಹಿಂದೆ ನನ್ನನ್ನ ಕೂರಿಸಿಕೊಂಡು ಮಲ್ಲಂದೂರಿನ ತನಕ ಅಲೆದರು. ಒಂದು ತೋಟದ ಲೆಕ್ಕ ಬರೆಯೋ ರೈಟರು ಮಾವನನ್ನ ಮೇಲಿಂದ ಕೆಳಗೆ ನೋಡಿ, "ಸಾರ್, ಹಣ್ಣು ಬೇಕಾದ್ರೆ ಮಳೆಗಾಲಕ್ಕೆ ಬನ್ನಿ" ಅಂದರು. "ಅಲ್ಲೀತನಕ ಈ ಹುರುಪು ಇರುತ್ತೇನ್ರೀ?" ಅಂತ ಅವರನ್ನೇ ಗದರಿಸಿ, ಮಾವ ಒಂದು ಎಳೆಹಲಸು ಹೊತ್ತುಕೊಂಡು ಬಂದರು.

ಮನೇಲಿ ಅದನ್ನ ಹೆಚ್ಚಿದ್ದೂ ಅವರೇ. ಅಂಗೈಗೆ ಎಣ್ಣೆ ಸವರಬೇಕು ಅಂತ ಯಾರು ಹೇಳಬೇಕು? ಕೈಯೆಲ್ಲ ಮೇಣ. ಆ ಕೈಯಲ್ಲೇ ಕ್ಯಾಮೆರಾ ಹಿಡಿದರು. ಕ್ಯಾಮೆರಾ ಬಿಡಲೊಲ್ಲದು! ನಾನು ಎಳೆದು ಬಿಡಿಸಿ ಸ್ಟ್ಯಾಂಡಿಗೆ ಸಿಕ್ಕಿಸಿದೆ.

ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. "ನಂಗೆ ಹಲಸು ಕಂಡ್ರೇ ಆಗಲ್ಲ. ಇಷ್ಟು ವರ್ಷದಲ್ಲಿ ಅದೂ ಗೊತ್ತಾಗ್ಲಿಲ್ವಾ?"

ಮಾವ ಕಂಗಾಲು. ನನ್ನ ಕೈಯಲ್ಲಿ ಕಳಸದ ಗೆಳೆಯರಿಗೆ ಫೋನ್ ಮಾಡಿಸಿ, ಸ್ಪೀಕರ್ ಹಾಕಿಸಿದರು. "ಎಲ್ಲಾ ನಿನ್ನ ಹಾಗೇ ಮಾಡ್ದೆ ಮಾರಾಯ, ಆಗ್ತಾನೇ ಇಲ್ಲ!"

"ಹಲಸು ನಮ್ಮಮ್ಮಂಗೆ ಇಷ್ಟ ಮಾರಾಯ, ಅದಕ್ಕಿತ್ತು! ನಾನು ಒಂದು ಪ್ರಶ್ನೆ ಕೇಳಿ ಬಾಯಿ ಮುಚ್ಕೊಂಡೆ. ಅದು ಆಗುತ್ತಾ ನಿನ್ ಕೈಲಿ?"

ಅತ್ತೆ ಹೊಟ್ಟೆ ಹಿಡ್ಕೊಂಡು ನಕ್ಕರು. "ಇವ್ರಾ? ಬಾಯಿ ಮುಚ್ಕೊಂಡಾ? ಅದನ್ನ ನೋಡಲೇಬೇಕು!" ಅಂತ ಬಂದು ಕ್ಯಾಮೆರಾ ಎದುರಿನ ಕುರ್ಚಿಯಲ್ಲಿ ಕೂತೇಬಿಟ್ಟರು! ನಾನು ತಟ್ಟನೆ ಬಟನ್ ಒತ್ತಿದೆ.

ಮಾವ ಗಂಟಲು ಸರಿಮಾಡಿಕೊಂಡರು. ಗಲ್ಲ ಎತ್ತು, ಇತ್ತ ನೋಡು ಅಂತೇನಾದರೂ ಶುರುಮಾಡ್ತಾರೆ ಅಂದುಕೊಂಡೆ.

"ನಮ್ಮ ಧಾರೆ ಹೊತ್ತಲ್ಲಿ ಏನೇನಾಯ್ತೇ? ನಂಗೆ ನೆನಪೇ ಇಲ್ಲ. ಆವತ್ತೂ ಲೈಟು ಸರಿಯಿದ್ಯಾ ಅಂತ್ಲೇ ನೋಡ್ತಿದ್ದೆ."

ಅತ್ತೆಯ ನಗು ನಿಂತಿತು.

"ನಿಮ್ಮ ಕೈ ನಡುಗ್ತಿತ್ತು. ಧಾರೆ ನೀರೆಲ್ಲ ನನ್ನ ಸೀರೆ ಮೇಲೆ. ಅಪ್ಪ ಅಳೋಕೆ ಶುರುಮಾಡಿದ್ರು. ನೀವು ಅವರ ಕೈ ಹಿಡ್ಕೊಂಡು, 'ನಾನಿದ್ದೀನಿ, ಚೆನ್ನಾಗಿ ನೋಡ್ಕೋತೀನಿ' ಅಂದ್ರಿ. ಅಪ್ಪ ಇರೋತನಕ ಅದನ್ನೇ ಎಲ್ಲರ ಹತ್ರ ಹೇಳ್ತಿದ್ರು." ಸೆರಗಿನ ತುದಿಯನ್ನ ಬೆರಳಿಗೆ ಸುತ್ತಿಕೊಂಡರು. "ಕ್ಯಾಸೆಟ್ಟು ಹೋದ್ರೆ ಏನಾಯ್ತು? ನಂಗೆ ಎಲ್ಲಾ ನೆನಪಿದೆ ಕಣ್ರೀ. ನೀವು ಕೇಳ್ಲೇ ಇಲ್ಲ."

ಮಾವನ ಕಣ್ಣಿಂದ ನೀರು ಇಳೀತಿತ್ತು. ಮೇಣದ ಕೈಯಲ್ಲಿ ಒರೆಸಿಕೊಳ್ಳೋಕೂ ಆಗದೆ ಹಾಗೇ ನಿಂತಿದ್ದರು. ಅತ್ತೆ ಎದ್ದು ಬಂದು ತಮ್ಮ ಸೆರಗಿನಿಂದ ಒರೆಸಿದರು.

ನಂಗೂ ಅಳು ಬಂತು. ಕ್ಯಾಮೆರಾನ ಮೆಲ್ಲಗೆ ಅವರಿಬ್ಬರ ಕಡೆ ತಿರುಗಿಸಿದೆ.