ಕೆಂಪು ಗುರುತಿನ ಮೇಲೆ ಬೊಟ್ಟು

ಆನ್‌ಲೈನ್ ಅರ್ಜಿ ಹಾಕುವ ಅಂಗಡೀಲಿ ಕೂತವನಿಗೆ ನಗುವ ಪ್ರಸಂಗ ಹುಡುಕಿಕೊಂಡು ಹೋಗುವ ಕೆಲಸ ಇಲ್ಲ. ಬಾಗಿಲು ತೆಗೆದಿದ್ದರೆ ಸಾಕು, ತಾವೇ ಬರ್ತವೆ.

ನಾನು ಓದಿದ್ದು ಐದನೇ ಕ್ಲಾಸು. ಗುಂಡ್ಲುಪೇಟೆ ಮಾರ್ಕೆಟ್ಟಲ್ಲಿ ಈರುಳ್ಳಿ ಮೂಟೆ ಲಾರಿಗೆ ತುಂಬುತ್ತಿದ್ದೆ. ಅಂಗಡಿ ನನ್ನ ಹೆಂಡತೀದು. ಪಿಯುಸಿ ಓದಿ ಕಂಪ್ಯೂಟರ್ ಕಲಿತವಳು. ಪಹಣಿ, ಜಾತಿ ಸರ್ಟಿಫಿಕೇಟು, ಪಿಂಚಣಿ, ಏನಿದ್ದರೂ ಅವಳೇ. ಹೋದ ವರ್ಷ ಕಾಮಾಲೆ ಬಂತು. ಹದಿನೆಂಟು ದಿನ ಇದ್ದಳು. ಆಮೇಲೆ ಹೋದಳು.

ಅಂಗಡಿ ಮುಚ್ಚಲು ಮನಸ್ಸಾಗಲಿಲ್ಲ. ಅವಳ ಕುರ್ಚೀಲಿ ನಾನು ಕೂತೆ. ಏನಾದರೂ ನಗುವಂಥದ್ದು ಆದರೆ ಮನೆಗೆ ಹೋಗಿ ಅವಳಿಗೆ ಹೇಳಬೇಕು ಅನ್ನಿಸುತ್ತೆ. ಅದಕ್ಕೇ ಬರೆದಿಡ್ತಿದ್ದೀನಿ.

೧. ಶುಕ್ರವಾರ

ಇದು ಅವಳಿದ್ದಾಗಿನದು. ಶುಕ್ರವಾರ ಬೆಳಗ್ಗೆ ಕಂಪ್ಯೂಟರ್ ಒರೆಸಿ, ಕುಂಕುಮ ಇಟ್ಟು, ಊದುಬತ್ತಿ ಹಚ್ಚಿ, ಆಮೇಲೆ ಅಪ್‌ಡೇಟ್ ಒತ್ತುತ್ತಿದ್ದಳು. ಬ್ರೌಸರ್ ಅಂತ ಒಂದಿದೆಯಲ್ಲ, ಇಂಟರ್ನೆಟ್ ತೆಗೆಯೋದು, ಅದಕ್ಕೆ. ಇದೇನು ವ್ರತ ಅಂತ ಒಂದಿನ ಕೇಳಿದೆ.

"ಇದು ಬಾಗ್ಲು ಇದ್ದಂಗೆ. ಇದ್ರಲ್ಲಿ ತೂತು ಸಿಕ್ತಾನೇ ಇರ್ತವೆ. ಮಾಡ್ದೋರು ತ್ಯಾಪೆ ಕಳಿಸ್ತಾರೆ. ಒಂದ್ಸಲ ಮುಚ್ಚಿ ತೆಗದ್ರೆ ತ್ಯಾಪೆ ಕೂತ್ಕತದೆ" ಅಂದಳು.

ತೂತಿರೋ ಬಾಗಿಲು ಯಾಕೆ ಮಾಡಬೇಕಿತ್ತು ಅಂದೆ.

"ತೂತಿಲ್ದಿರ ಚೀಲ ನೀ ಎಷ್ಟು ಹೊತ್ತಿದ್ದೀಯೆ?"

ಅಪ್‌ಡೇಟ್ ಆಗುವಾಗ ನಡುವೆ ಏನೂ ಮುಟ್ಟಬಾರದು ಅಂತ ಹೇಳಿದ್ದಳು. ಕೈ ಎಲ್ಲಿಡಬೇಕೋ ತಿಳಿಯದೆ ಮುಗಿದುಕೊಂಡು ನಿಂತೆ. ಜೆರಾಕ್ಸಿಗೆ ಬಂದ ಒಬ್ಬ ರೈತ ನನ್ನ ನೋಡಿ ಚಪ್ಪಲಿ ಬಿಟ್ಟು ಅವನೂ ಕೈ ಮುಗಿದ. ನೂರು ಪರ್ಸೆಂಟ್ ಅಂತ ಬಂದಮೇಲೆ, ತೀರ್ಥ ಕೊಡಲ್ವಾ ಅಂದ.

೨. ಮಗ

ಅವಳು ಹೋದಮೇಲೆ ನಾನು ಒಂದೇ ಬೆರಳಲ್ಲಿ ಟೈಪ್ ಮಾಡೋದು ಕಲಿತೆ. ಒಂದು ವಿಷಯ ಆಗ ಗೊತ್ತಾಯ್ತು. ಅರ್ಜೀಲಿ ಹೆಸರಿನ ಜಾಗದಲ್ಲಿ ಅವಳ ಹೆಸರಿನ ಮೊದಲ ಅಕ್ಷರ ಒತ್ತಿದರೆ ಸಾಕು. ಪೂರ್ತಿ ಹೆಸರು ಕೆಳಗೆ ಬಂದು ನಿಲ್ಲುತ್ತೆ. ಹಿಂದೆ ಅವಳೇ ಹೊಡೆದದ್ದನ್ನ ಬ್ರೌಸರ್ ನೆನಪಿಟ್ಟುಕೊಂಡಿದೆ. ಗಿರಾಕಿ ಇಲ್ಲದ ಹೊತ್ತಲ್ಲಿ ಆ ಅಕ್ಷರ ಒತ್ತೋದು. ನೋಡೋದು. ಅಳಿಸೋದು. ಮತ್ತೆ ಒತ್ತೋದು.

ಬೇಗೂರಿನವರೊಬ್ಬರು ಆದಾಯ ಸರ್ಟಿಫಿಕೇಟಿಗೆ ಬಂದರು. ಅವರ ತಾಯಿ ಹೆಸರೂ ಅದೇ ಅಕ್ಷರದ್ದು. ಒತ್ತಿದೆ, ನಮ್ಮವಳು ಬಂದಳು, ನಾನು ನೋಡ್ತಾ ಎಂಟರ್ ಹೊಡೆದೆ. ಅರ್ಜಿ ಹೋಯಿತು.

ಮಾರನೇ ದಿನ ಪ್ರಿಂಟ್ ಹಿಡಿದು ವಾಪಸ್ ಬಂದರು. "ಅಣ್ಣ, ನಮ್ಮವ್ವ ಮನೇಲಿ ಊಟ ಬುಟ್ಟು ಕುಂತವ್ಳೆ. ಇವ್ಳ್ಯಾರು ನಿಂಗೆ ಇನ್ನೊಬ್ಳು ಅವ್ವ ಅಂತ."

ತಪ್ಪಾಯ್ತು ಅಂತ ಬೇರೆ ಅರ್ಜಿ ಹಾಕಿಕೊಟ್ಟೆ. ಮದುವೆಯಾಗಿ ಇಪ್ಪತ್ತೆರಡು ವರ್ಷ ನಮಗೆ ಮಕ್ಕಳಾಗಲಿಲ್ಲ. ಕೊನೆಗೂ ಒಬ್ಬ ಆದ. ನನಗಿಂತ ಎರಡು ವರ್ಷ ದೊಡ್ಡವನು.

೩. ಬೊಟ್ಟು

ಬ್ರೌಸರಿನ ಮೇಲ್ಗಡೆ ಮೂಲೇಲಿ ಅಪ್‌ಡೇಟ್ ಗುರುತು ಬಂತು. ಮೊದಲು ಹಸಿರು. ಒತ್ತೋಣ ಅಂತಿದ್ದೆ. ಪಕ್ಕದ ಮೊಬೈಲ್ ಅಂಗಡಿಯವನು ತಡೆದ. ಅವನ ಫೋನಲ್ಲಿ ಹಂಗೇ ಒತ್ತಿ ಅಳಿಯನ ಮದುವೆ ಫೋಟೋ ಎಲ್ಲ ಹೋಗಿತ್ತಂತೆ. "ಒತ್ತುದ್ರೆ ಹಳೇದೆಲ್ಲ ಒರಸ್ಕ ಓಯ್ತದೆ ಕಣಣ್ಣ."

ನಾನು ಕೈ ಹಿಂದಕ್ಕೆ ತಗೊಂಡೆ. ಹಳೇದು ಅಂದರೆ ಅವಳ ಹೆಸರು.

ಗುರುತು ಕಿತ್ತಳೆ ಬಣ್ಣ ಆಯ್ತು. ಆಮೇಲೆ ಕೆಂಪು. ಬಯ್ಯೋ ಹಂಗೆ ಕಾಣ್ತಿತ್ತು. ನೋಡಲು ಆಗದೆ, ಮನೆ ಕನ್ನಡಿಗೆ ಅವಳು ಅಂಟಿಸಿ ಹೋಗಿದ್ದ ಬೊಟ್ಟುಗಳಲ್ಲಿ ದೊಡ್ಡದೊಂದನ್ನು ಕಿತ್ತು ತಂದು ಅದರ ಮೇಲೆ ಅಂಟಿಸಿದೆ.

ಕೇಳಿದವರಿಗೆ ದೃಷ್ಟಿಬೊಟ್ಟು ಅಂದೆ. ವಾರದೊಳಗೆ ಮೊಬೈಲ್ ಅಂಗಡಿಯವನು ತನ್ನ ಹೆಂಡತಿ ಬೊಟ್ಟಿನ ಪ್ಯಾಕೆಟ್ಟು ತಂದು ಮಾರೋ ಫೋನಿಗೆಲ್ಲ ಒಂದೊಂದು ಅಂಟಿಸಿದ. ಅವನ ಹೆಂಡತಿ ಬಂದು ಅಂಗಡಿ ಮುಂದೆ ನಿಂತು ಯಾರಿಗೆ ಕೊಟ್ಟೆ ಹೇಳು ಅಂತ ಕೇಳಿದಳು. ಎಲ್ಲರಿಗೂ ಅಂದ.

೪. ವಧು

ತೂತು ಮುಚ್ಚದಿದ್ದರೆ ಏನಾಗುತ್ತೆ ಅಂತ ಮೂರು ತಿಂಗಳಲ್ಲಿ ತಿಳೀತು. ಯಾವ ಪುಟ ತೆಗೆದರೂ ಜಾಹೀರಾತು. ಒಂದು ಮುಚ್ಚಿದರೆ ಎರಡು. ಕೆಲವು ಮಲಯಾಳದಲ್ಲಿ.

ರಿಟೈರಾದ ಮೇಷ್ಟ್ರೊಬ್ಬರು ಪಿಂಚಣಿ ಕಾಗದಕ್ಕೆ ಬಂದರು. ಎಪ್ಪತ್ತೆರಡು ವರ್ಷ, ಹಣೆ ತುಂಬ ವಿಭೂತಿ. ಪಕ್ಕದಲ್ಲೇ ಕೂತಿದ್ದರು. ಪಿಂಚಣಿ ಅಂತ ಹೊಡೆದೆ. ಪರದೆ ತುಂಬ ಒಬ್ಬಳು ಹೆಣ್ಣುಮಗಳು ಬಂದಳು. ನಿಮ್ಮ ಊರಲ್ಲೇ ವಧು ನಿಮಗಾಗಿ ಕಾಯುತ್ತಿದ್ದಾಳೆ ಅಂತ ಬರೆದಿತ್ತು. ಮುಚ್ಚಲು ಹೋದೆ. ಇನ್ನೊಬ್ಬಳು ಬಂದಳು.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ನಿಧಾನವಾಗಿ ಕೇಳಿದರು.

"ಬಂದಿರೋದು ನಿನಗೋ ನನಗೋ?"

ನನಗೆ ಬೇಡ ಸಾರ್ ಅಂದೆ. ಅವರಿಗೆ ಅರ್ಥವಾಯ್ತು. ಭುಜದ ಮೇಲೆ ಕೈಯಿಟ್ಟು, "ಹಂಗಾದ್ರೆ ನಮ್ಮನೇಲಿ ಒಂದು ಮಾತು ಕೇಳ್ಕಂಡು ಬತ್ತೀನಿ" ಅಂದರು.

ಆ ಸಂಜೆಯಿಂದ ಸರ್ಕಾರದ ಪುಟ ತೆಗೆಯೋದೇ ನಿಂತಿತು. ನಿಮ್ಮ ಬ್ರೌಸರ್ ಹಳೆಯದು ಅಂತ ಬರೋದು. ಅಂಗಡಿ ಇದ್ದೂ ಮುಚ್ಚಿದಂಗೆ. ಅವಳ ಅಂಗಡಿ ಉಳಿಯಬೇಕಾದರೆ ಅವಳ ಹೆಸರು ಬಿಡಬೇಕು. ಎರಡು ದಿನ ಯೋಚನೆ ಮಾಡಿ ಅವಳ ತಂಗಿಗೆ ಫೋನ್ ಮಾಡಿದೆ.

೫. ಸುಲಭ

ಅವಳ ತಂಗಿ ಚಾಮರಾಜನಗರದಲ್ಲಿ ಒಂದು ಆಫೀಸಲ್ಲಿ ಕಂಪ್ಯೂಟರ್ ಕೆಲಸಕ್ಕಿದ್ದಾಳೆ. ಕಲಿಸಿದ್ದು ನಮ್ಮವಳೇ. ಭಾನುವಾರ ಬಸ್ಸಿಗೆ ಬಂದಳು. ಬೊಟ್ಟು ನೋಡಿದಳು. ಯಾರದು ಅಂತ ಕೇಳಲಿಲ್ಲ. ಉಗುರಲ್ಲಿ ಮೆತ್ತಗೆ ಬಿಡಿಸಿ ತನ್ನ ಕೈಬೆರಳಿಗೆ ಅಂಟಿಸಿಕೊಂಡಳು. ಕೆಳಗಿನ ಗುರುತು ನೋಡಿ ಶುರು ಮಾಡಿದಳು.

"ಏನ್ ಬಾವ ನೀವು. ತೂತು ಎಲ್ಲದೆ ಅಂತ ಕಳ್ಳುರ್ಗೆಲ್ಲ ಗೊತ್ತಾದ್ಮೇಲೂ ಮುಚ್ದೆ ಕೂತಿದ್ದೀರಲ್ಲ. ಜನುದ್ ಆಧಾರು, ಬ್ಯಾಂಕು ಎಲ್ಲ ಇದ್ರಲ್ಲೇ ಹೊಡೀತೀರಿ."

ಆ ಮಾತು ತಾಗಿತು. ಆದರೂ ಅವಳು ಕೈ ಮುಂದೆ ತಂದಾಗ ನಾನು ಮೌಸ್ ಹಿಡಿದುಕೊಂಡೆ. ಬಿಡಿ ಅಂದಳು. ಬಿಡಲಿಲ್ಲ.

"ಅಕ್ಕನ ಹೆಸ್ರು ಹೊರಟೋಯ್ತದೆ ಕಣವ್ವ" ಅಂದೆ.

ಏನಂತ ಕೇಳಿದಳು. ಆ ಅಕ್ಷರ ಒತ್ತಿ ತೋರಿಸಿದೆ. ಹೆಸರು ಬಂತು. ಇಬ್ಬರೂ ನೋಡಿದೆವು. ಅವಳು ಸೆರಗಲ್ಲಿ ಮುಖ ಒರೆಸಿಕೊಂಡು, ಇದು ತ್ಯಾಪೆ ಹಾಕುತ್ತೆ, ಒಳಗಿರೋದನ್ನ ಒರೆಸಲ್ಲ ಅಂದಳು. ನೀವೇ ಒತ್ತಿ ಅಂದಳು.

ಒತ್ತಿದೆ. ಎಲ್ಲ ಮುಚ್ಚಿಕೊಂಡಿತು. ಮತ್ತೆ ತೆರೆಯಿತು. ಬೆರಳಿಟ್ಟೆ. ಹೆಸರು ಬಂತು. ಹಂಗೇ ಇದ್ದಳು. ಜಾಹೀರಾತಿನ ವಧುಗಳನ್ನು ತಂಗಿ ಒಬ್ಬೊಬ್ಬರಾಗಿ ಹುಡುಕಿ ಹೊರಗೆ ಹಾಕಿದಳು.

ಆಮೇಲೆ ಹೊಸ ಬ್ರೌಸರ್ ಒಂದು ಎಚ್ಚರಿಕೆ ತೋರಿಸಿತು. ಈ ಅಂಗಡಿಯ ಪಾಸ್‌ವರ್ಡು ಸರಿಯಿಲ್ಲ, ಕೂಡಲೇ ಬದಲಾಯಿಸಿ ಅಂತ. ಅದು ನಮ್ಮವಳು ಇಟ್ಟದ್ದು. ತಾನಾಗೇ ತುಂಬಿಕೊಳ್ಳುತ್ತಿತ್ತು, ಬರೀ ಚುಕ್ಕಿ ಕಾಣುತ್ತಿತ್ತು. ಏನಂತ ನಾನು ಯಾವತ್ತೂ ನೋಡಿರಲಿಲ್ಲ. ತಂಗಿ ಕಣ್ಣಿನ ಚಿತ್ರ ಒತ್ತಿದಳು. ಚುಕ್ಕಿ ಹೋಗಿ ಅಕ್ಷರ ಬಂತು. ಓದಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

"ಏನ್ ಬರ್ದವಳೆ?"

"ಮಂಕುದಿಣ್ಣೆ. ಮುಂದ್ಕೆ ಒಂದು ಎರಡು ಮೂರು."

ನಮ್ಮವಳು ನನ್ನನ್ನ ಕರೀತಿದ್ದದ್ದೇ ಹಂಗೆ. ಆ ಮಾತು ಕಿವಿಗೆ ಬಿದ್ದು ವರ್ಷದ ಮೇಲಾಗಿತ್ತು. ಅದರ ಕೆಳಗೆ ಬ್ರೌಸರ್ ತನ್ನ ಅಭಿಪ್ರಾಯ ಬರೆದಿತ್ತು: ಇದನ್ನು ಯಾರು ಬೇಕಾದರೂ ಸುಲಭವಾಗಿ ಊಹಿಸಬಹುದು.

ತಂಗಿ ಕುರ್ಚಿ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ. ಇಬ್ಬರಿಗೂ ಕಣ್ಣಲ್ಲಿ ನೀರು.

ಗಟ್ಟಿ ಪಾಸ್‌ವರ್ಡ್ ಬೇಕು, ಉದ್ದ ಇರಬೇಕು ಅಂದಳು. ಬ್ರೌಸರ್ ತಾನೇ ಒಂದು ಕೊಟ್ಟಿತು. ಅದನ್ನ ಓದಲೂ ಆಗಲಿಲ್ಲ. ನಾನು ಹೊಡೀತೀನಿ ಬಿಡು ಅಂದೆ. ನಮ್ಮವಳು ಒಂದು ಸಲ ಬೈದು ಸುಮ್ಮನಾದವಳಲ್ಲ. ದಿನಕ್ಕೆ ಎಷ್ಟು ಸಲ ಬೈಯುತ್ತಿದ್ದಳೋ ಅಷ್ಟು ಸಲ ಮಂಕುದಿಣ್ಣೆ ಅಂತಲೇ ಸಾಲಾಗಿ ಹೊಡೆದೆ. ಎಷ್ಟು ಸಲ ಅಂತ ಇಲ್ಲಿ ಬರೆಯಲ್ಲ, ಅದೂ ಒಂದು ತೂತು.

ಬ್ರೌಸರ್ ಒಂದು ಗಳಿಗೆ ಯೋಚನೆ ಮಾಡಿತು. ಆಮೇಲೆ ಹಸಿರಲ್ಲಿ ಬರೆಯಿತು: ತುಂಬಾ ಬಲವಾಗಿದೆ.