ಒಂದು ಚೊಂಬು ನೀರು

ಬಾವಿಯಜ್ಜನ ಆ ದಿನದ ಫಜೀತಿಗೆಲ್ಲ ಮೂಲ ಒಂದು ಚೊಂಬು ನೀರು.

ನೂರಾರು ಮನೆಗಳಿಗೆ ಬಾವಿ ತೋಡಿಕೊಟ್ಟ ಅಜ್ಜ, ಕಿಡ್ನಿ ಕೈಕೊಟ್ಟ ಮೇಲೆ ವೃದ್ಧಾಶ್ರಮ ಸೇರಿದ್ದ. ಇಲ್ಲಿ ದಿನಕ್ಕೆ ನಾಲ್ಕೇ ಲೋಟ ನೀರು. ಅಳೆದು ಕೊಡುವವಳು ಸಿಸ್ಟರು. ಡಯಾಲಿಸಿಸ್ಸಿಗೆ ಯಾರಿಗೆ ಯಾವ ದಿನ, ಯಾವ ಮಂಚ, ವ್ಯಾನು ಎಷ್ಟು ಹೊತ್ತಿಗೆ, ಎಲ್ಲ ಅವಳ ಬೆರಳ ತುದಿಯಲ್ಲಿ. ಅಜ್ಜನಿಗಿದ್ದದ್ದು ಒಂದೇ ಆಸೆ: ಚೊಂಬೆತ್ತಿ ಒಂದೇ ಉಸಿರಿಗೆ ಕುಡಿಯಬೇಕು. ಅದೂ ಹರೆಯದಲ್ಲಿ ಇದೇ ಊರಲ್ಲಿ ತೋಡಿದ ತನ್ನ ಮೊದಲ ಬಾವಿಯ ನೀರಾದರೆ ಜನ್ಮ ಸಾರ್ಥಕ. ಆದರೆ ಊರು ಗುರುತು ಸಿಗದಷ್ಟು ಬೆಳೆದಿತ್ತು. ವ್ಯಾನಿನ ಕಿಟಕಿಯಿಂದ ಆ ಬಾವಿ ಹುಡುಕಿ ಹುಡುಕಿ ಅಜ್ಜನ ಕತ್ತು ಕೊಕ್ಕರೆಯದಾಗಿತ್ತು.

ಕೊನೆಗೆ ಸಿಸ್ಟರನ್ನು ಕಾಡಿ ಬೇಡಿ ಒಪ್ಪಿಸಿದ. ಹಿಂದಿನ ದಿನದಿಂದ ತನ್ನ ಪಾಲಿನ ನೀರನ್ನು ಚೊಂಬಿನಲ್ಲಿ ಉಳಿಸುವುದು, ಡಯಾಲಿಸಿಸ್ಸಿಗೆ ಹೊರಟಾಗ ಕುಡಿಯುವುದು. ಹೇಗೂ ಯಂತ್ರ ಹೀರಿ ತೆಗೆಯುತ್ತದಲ್ಲ.

ಬೆಳಿಗ್ಗೆ ಎದ್ದರೆ, ಪಕ್ಕದ ಮಂಚದ ಪೋಸ್ಟ್‌ಮ್ಯಾನು ಅದೇ ನೀರಲ್ಲಿ ಗಡ್ಡ ಹೆರೆದು ಕೂತಿದ್ದ. ಅಜ್ಜನೇ ಕದ್ದು ಕುಡಿದಿದ್ದಾನೆಂದು ಸಿಸ್ಟರಿಗೆ ಗುಮಾನಿ. ಕುಡಿದಿದ್ದರೆ ತೂಕ ಏರಬೇಕಲ್ಲ ಎಂದು ಅಜ್ಜ ತಕ್ಕಡಿ ಹತ್ತಿ ನಿಂತ, ತೂಕ ಹೆಚ್ಚಿರಲಿಲ್ಲ. ಚೊಂಬು ಮತ್ತೆ ತುಂಬಿತು. ಅಜ್ಜ ಚಪ್ಪಲಿ ಹುಡುಕಿ ಬರುವಷ್ಟರಲ್ಲಿ ಎದುರು ಕೋಣೆಯ ಟೀಚರಮ್ಮ ಅದರಲ್ಲಿ ಗುಲಾಬಿ ಸಿಗಿಸಿ, "ನಿಮ್ಮ ಕೋಣೆಗೊಂದು ಕಳೆ ಬಂತು ನೋಡಿ" ಎಂದಳು. ಮತ್ತೆ ತಕ್ಕಡಿ.

"ಇನ್ನೊಂದ್ಸಲ ಹತ್ತಿದ್ರೆ ತಕ್ಕಡೀನೇ ನಿಮ್ಮನ್ನ ದತ್ತು ತಗೊಳ್ಳತ್ತೆ ಅಜ್ಜ" ಎನ್ನುತ್ತ ಸಿಸ್ಟರು ಕೊನೆಯ ಸಲ ತುಂಬಿಸಿಕೊಟ್ಟಳು.

ಅಜ್ಜ ಚೊಂಬನ್ನು ಹಸುಗೂಸಿನಂತೆ ಅಪ್ಪಿಕೊಂಡು ವ್ಯಾನಿನಲ್ಲಿ ಕೂತ. ಹೊಸ ಬಾವಿಯ ಮೊದಲ ಗುಟುಕಿಗೆ ಮುಂಚೆ ದೇವರನ್ನು ನೆನೆಯುವುದು ಅವನ ಹಳೆಯ ರೂಢಿ. ಚೊಂಬನ್ನು ತೊಡೆಗಳ ನಡುವೆ ಇಟ್ಟುಕೊಂಡು ಕಣ್ಣು ಮುಚ್ಚಿ ಕೈ ಮುಗಿದ. ಆ ಗಳಿಗೆಯಲ್ಲೇ ಪಕ್ಕದಲ್ಲಿ ಕೂತಿದ್ದ ಸಿಸ್ಟರ ಫೋನು ಬಡಿದುಕೊಂಡಿತು.

ಆಸ್ಪತ್ರೆಯ ಡಯಾಲಿಸಿಸ್ ವಾರ್ಡಿನಲ್ಲಿ ಯಂತ್ರಕ್ಕೇ ನೀರಿಲ್ಲವಂತೆ. ಬೋರು ಬತ್ತಿದೆ. ಸರದಿ ನಾಳೆಗೆ.

"ಕೊಡಿ ಅಜ್ಜ" ಎಂದು ಅವಳು ಮೆಲ್ಲಗೆ ಚೊಂಬು ಬಿಡಿಸಿಕೊಂಡಳು. "ಇವತ್ತು ಎರಡೇ ಲೋಟ."

ಅಜ್ಜ ಒದ್ದೆ ಬೆರಳನ್ನು ತುಟಿಗೆ ಸವರಿಕೊಂಡ. "ನಾನು ತೋಡಿದ ಆ ಬಾವಿ ಇದ್ದಿದ್ರೆ ಇಡೀ ಆಸ್ಪತ್ರೆಗೆ ಸಾಕಾಗ್ತಿತ್ತು ತಾಯಿ. ಪಕ್ಕದಲ್ಲೊಂದು ಗಡಿಯಾರದ ಗೋಪುರ ಇತ್ತು."

ಡ್ರೈವರ್ ಹಿಂತಿರುಗಿ ನೋಡಿದ. "ಗಡಿಯಾರದ ಗೋಪುರದ ಬಾವೀನಾ? ಅದನ್ನ ಮುಚ್ಚೋವಾಗ ನಾನು ಲಾರಿ ಓಡಿಸ್ತಿದ್ದೆ. ಅದಕ್ಕೆ ಮಣ್ಣು ಸುರಿದೋನು ನಾನೇ. ಡಯಾಲಿಸಿಸ್ ವಾರ್ಡು ಕಟ್ಟಿರೋದೇ ಅದರ ಮೇಲಲ್ವಾ ಅಜ್ಜ."

ಅಜ್ಜ ಅಂದು ಕಿಟಕಿಯ ಕಡೆ ಕತ್ತು ಹೊರಳಿಸಲಿಲ್ಲ. ವಾರಕ್ಕೆ ಮೂರು ದಿನ, ತನ್ನ ಬಾವಿಯ ಮೇಲೆಯೇ ಮಲಗಿ ಬಾಯಾರುತ್ತಿದ್ದನಲ್ಲ.