ಪಡಸಾಲೆಯಲ್ಲಿ ಯಜಮಾನರ ಕೊನೆಯ ಟ್ರಿಪ್ಪು

ಜನವರಿ ಹತ್ತೊಂಬತ್ತು, ನನ್ನ ಹಳೆಯ ಡೈರಿಯಲ್ಲಿ ಹೀಗಿದೆ: ‘ಪಕ್ಕದ ಮನೆಯಾಕೆ ಬಂದು ನಮ್ಮ ಬೋರಿನ ಮೋಟರು ಬಂದ್ ಮಾಡಲು ಹೇಳಿದಳು. ನಮ್ಮಲ್ಲಿ ಬೋರಿಲ್ಲ.’ ಬಿ.ಎ. ಓದುವಾಗಿನಿಂದ ನಾನು ಡೈರಿ ತಪ್ಪಿಸಿದವಳಲ್ಲ. ಆದರೆ ಮನೆಗೆ ಆಟದ ರೈಲು ಬಂದ ಮೇಲೆ ಬರೆಯಲು ಪುಟವೇ ಸಾಲುತ್ತಿಲ್ಲ.

ನಮ್ಮ ಯಜಮಾನರು ರೈಲು ಡ್ರೈವರಾಗಿದ್ದವರು. ನಿವೃತ್ತಿಗೆ ಒಂದು ವರ್ಷವಿರುವಾಗ ಕಣ್ಣಿನ ಪರೀಕ್ಷೆಯಲ್ಲಿ ಬಣ್ಣ ತಪ್ಪು ಹೇಳಿದರು. ಎಂಜಿನ್ನಿನಿಂದ ಇಳಿಸಿ ಆಫೀಸಿನ ಕುರ್ಚಿಯಲ್ಲಿ ಕೂರಿಸಿದರು. ಕೊನೆಯ ಟ್ರಿಪ್ಪಿನ ದಿನ ಎಂಜಿನ್ನಿಗೆ ಹಾರ ಹಾಕಿ, ಹಸಿರು ಬಾವುಟ ಬೀಸಿ ಡ್ರೈವರನ್ನು ಕಳಿಸುವುದು ವಾಡಿಕೆ. ಇವರಿಗೆ ಅದು ಸಿಗಲಿಲ್ಲ. ನಿವೃತ್ತರಾಗಿ ಕೊಟ್ಟೂರಿಗೆ ಬಂದ ಮೇಲೆ ಗೆಳೆಯರ ಹಾರದ ಫೋಟೊಗಳನ್ನು ಫೋನಿನಲ್ಲಿ ನೋಡುತ್ತ ಕೂತಿರುತ್ತಿದ್ದರು. ಅದನ್ನು ನೋಡಲಾರದೆ ಹಡಗಲಿಯ ಮಗಳು ಗೇಣುದ್ದದ ಡೀಸೆಲ್ ಎಂಜಿನ್, ಹಳಿ, ರಿಮೋಟು ತಂದುಕೊಟ್ಟಳು. ಗುಂಡಿಗಳ ಪಟ್ಟಿ ನಾನು ಬರೆದಿಟ್ಟೆ: ಸೊನ್ನೆ ಹೆಡ್‌ಲೈಟು, ಒಂದು ಎಂಜಿನ್ ಸದ್ದು, ಎರಡು ಹಾರ್ನು.

ಮೋಟರು

ಯಜಮಾನರು ಒಂದನೇ ಗುಂಡಿ ಒತ್ತಿ ಕೈಕಟ್ಟಿ ಕೂತರು. ಗುರ್ ಎಂದು ಸದ್ದೋ ಸದ್ದು. ಗಾಡಿ ಮಾತ್ರ ಅಲ್ಲಾಡದು.

“ಯಾಕ್ರಿ, ಕೆಟ್ಟೈತೇನು?” ಎಂದೆ.

“ಡೀಸೆಲ್ ಎಂಜಿನ್ ಬಿಸಿ ಆಗಬೇಕು. ಹಂಗ ಎಳದ್ರ ಹಾಳಾಗತೈತಿ.”

ಆಗಲೇ ಪಕ್ಕದ ಮನೆಯಾಕೆ ಓಡಿ ಬಂದದ್ದು. “ಅಕ್ಕಾರ, ಮೋಟರ್ ಬಂದ್ ಮಾಡ್ರಿ, ಟ್ಯಾಂಕ್ ತುಂಬಿ ಹರಿಯಾಕತ್ತಿರಬೇಕು!”

ರೈಲು ತೋರಿಸಿದೆ. ಆಕೆ ಕುತೂಹಲದಿಂದ ಕೂತಳು. ಹತ್ತು ನಿಮಿಷವಾಯಿತು, ಹದಿನೈದಾಯಿತು. ಕೊನೆಗೆ ಎದ್ದಳು. “ಖರೇ ರೈಲಿನಂಗs ಐತಿ ಬಿಡ್ರಿ. ಅಲ್ಲೂ ಹಿಂಗs ಕುಂತು ಕುಂತು ಸಾಕಾಗತೈತಿ.”

ಎದುರು ಗಾಡಿ

ಒಂದು ದಿನ ಕಾಫಿ ಹಿಡಿದು ಬಂದೆ. ಉರಿಯುತ್ತಿದ್ದ ಹೆಡ್‌ಲೈಟು ತಟ್ಟನೆ ಮಂಕಾಯಿತು.

“ಬಲ್ಬ್ ಹೋತೇನ್ರಿ?”

“ಇಲ್ಲ. ಎದುರಿಂದ ಗಾಡಿ ಬಂದ್ರ ಲೈಟ್ ಸಣ್ಣ ಮಾಡಬೇಕು. ಅದು ರೂಲ್ಸ್.”

“ಹೌದಾ? ನಾನು ಯಾವ ಗಾಡಿ?”

ತಲೆ ಎತ್ತದೆ ಹೇಳಿದರು, “ಗೂಡ್ಸು.”

ಕಾಫಿ ಬಂದ ದಾರಿಯಲ್ಲೇ ಅಡುಗೆಮನೆಗೆ ವಾಪಸು ಹೋಯಿತು. ಸಂಜೆ ನಾನು ಕೇಳದಿದ್ದರೂ ಬಾಗಿಲಲ್ಲಿ ನಿಂತು, “ಎಕ್ಸ್‌ಪ್ರೆಸ್ಸು” ಎಂದರು.

ಹಸಿರು ಖಣ

ಇಷ್ಟೆಲ್ಲ ಇದ್ದರೂ ಫೋಟೊ ನೋಡುವುದು ನಿಲ್ಲಲಿಲ್ಲ. ಕೊನೆಯ ಟ್ರಿಪ್ಪನ್ನು ಪಡಸಾಲೆಯಲ್ಲೇ ಮಾಡಿಬಿಡೋಣ ಎಂದು ನಾನೇ ನಿಶ್ಚಯಿಸಿದೆ. ಯಜಮಾನರು ಹಳೆಯ ಯೂನಿಫಾರ್ಮ್ ಹುಡುಕಿ ಇಸ್ತ್ರಿ ಮಾಡಿಕೊಂಡರು.

ಪಕ್ಕದ ಮನೆಯಾಕೆ ಗಾರ್ಡು. ಬಾವುಟವಿಲ್ಲದ್ದಕ್ಕೆ ರವಿಕೆಯ ಹಸಿರು ಖಣ ಹಿಡಿದು ಬಂದಳು. ಜೊತೆಗೆ ನಿಂಬೆಹಣ್ಣು. “ಗಾಲಿಗೆ ನಿಂಬಿಹಣ್ಣು ಇಡದs ಗಾಡಿ ಬಿಡತಾರೇನ್ರಿ?” ಇಟ್ಟರೆ ಹಣ್ಣು ಎಂಜಿನ್ನಿನಷ್ಟೇ ಎತ್ತರ! ಒಂದು ಹೋಳು ಕೊಯ್ದು ಇಟ್ಟಳು. ಎಂಜಿನ್ ಅದರ ಮೇಲೆ ಏರಿ ಮಗುಚಿತು. ರಸ ಹೊಟ್ಟೆಯೊಳಗೆ ಇಳಿದು ಹಾರ್ನು ಒಂದೇ ಸಮ ಕೂಗಿತು. ಯಾವ ಗುಂಡಿ ಒತ್ತಿದರೂ ನಿಲ್ಲಲಿಲ್ಲ. ಆಮೇಲೆ ಕೀರಲಾಗಿ ತಾನೇ ಸತ್ತಿತು.

ಒರೆಸಿ ಹಳಿಗಿಟ್ಟೆವು. ದೀಪ ಉರಿಯಿತು, ಗಾಲಿ ತಿರುಗಿತು. ಸದ್ದು ಮಾತ್ರ ಇಲ್ಲ. ಯಜಮಾನರು ರಿಮೋಟು ಕೆಳಗಿಟ್ಟರು. “ಹಾರ್ನ್ ಇಲ್ದ ಗಾಡಿ ತಗಿಯಂಗಿಲ್ಲ. ಇರ್ಲಿ ಬಿಡು.”

ಆ ‘ಇರ್ಲಿ ಬಿಡು’ ಕೇಳಿ ನನಗೆ ತಡೆಯಲಾಗಲಿಲ್ಲ. ಬಾಯಿಗೆ ಎರಡೂ ಕೈ ಹಿಡಿದು, “ಪೋಂ” ಎಂದೆ.

ಅವರು ನನ್ನನ್ನೇ ನೋಡಿದರು. “ಗಿಡ್ಡ ಆತು. ಉದ್ದ ಹೊಡಿ.”

“ಪೋಂ...........!”

ರಿಮೋಟು ಮತ್ತೆ ಅವರ ಕೈಗೆ ಬಂತು. “ಸಿಗ್ನಲ್ ಯಾವ ಬಣ್ಣ?”

“ಹಸಿರು,” ಎಂದೆ.

ಗಾರ್ಡು ಖಣವನ್ನು ಬೆಳಕಿಗೆ ಹಿಡಿದು ನೋಡಿದಳು. “ಇದು ಗಿಣಿ ಹಸಿರು ಅಕ್ಕಾರ. ನಡಿತೈತೇನು?”

“ನಡಿತೈತವ್ವ, ಬೀಸು!” ಎಂದರು ಯಜಮಾನರು. ಗಾಡಿ ಮೂರು ಸುತ್ತು ಹೊಡೆದು ಸೋಫಾದ ಕಾಲ ಹತ್ತಿರ ಸರಿಯಾಗಿ ನಿಂತಿತು. ನಾನು ಮಲ್ಲಿಗೆ ಹಾರ ಕೊರಳಿಗೆ ಹಾಕಿದಾಗ ಯಜಮಾನರು ಕಣ್ಣೊರೆಸಿಕೊಂಡರು.

ಕೊನೆಗೆ ತಗುಲಿದ ಖರ್ಚು: ನಿಂಬೆಹಣ್ಣು ಒಂದು, ಮಲ್ಲಿಗೆ ಎರಡು ಮೊಳ, ಎಂಜಿನ್ನಿನ ಸ್ಪೀಕರು ಒಂದು. ಸ್ಪೀಕರು ರಿಪೇರಿಯಾಗದು ಎಂದಿದ್ದಾರೆ. ಹಾಗಾಗಿ ದಿನಾ ಸಂಜೆ ಐದಕ್ಕೆ ಹಾರ್ನು ನಾನೇ.